ಒಂಬೈನೂರ ಐವತ್ತರಲ್ಲಿ ನಿಂತ ಮುಳ್ಳು

“ಎಪ್ಪತ್ತು ಗ್ರಾಂ ಹೆಚ್ಚಿಗೆ ಕುಡಿದಿದೆ,” ಎಂದರು ತಕ್ಕಡಿ ಅತ್ತೆ.

ರೇಸ್ ಮೈದಾನದ ಬದಿಯ ಟೆಂಟು ಅದು. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಳ್ಳಿ ಬಣ್ಣದ ಬಾಟ್ಲಿ ಮಿಂದ ಕೂಸಿನ ಹಾಗೆ ಮಲಗಿತ್ತು. ಇನ್ನೊಂದರಲ್ಲಿ ಹಿತ್ತಾಳೆ ತೂಕದ ಕಲ್ಲುಗಳು ಸಾಲಾಗಿ ಕೂತಿದ್ದವು. ಅತ್ತೆ ಕೊನೆಯ ಪುಟ್ಟ ಕಲ್ಲನ್ನು ಚಿಮಟದಿಂದ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ತಕ್ಕಡಿಯ ನಾಲಿಗೆ ನೆಟ್ಟಗೆ ನಿಲ್ಲುವವರೆಗೆ ಕಾದಿದ್ದರು.

“ಒಂದು ಓಟಕ್ಕೆ ಸಾವಿರದ ನೂರು ಗ್ರಾಂ. ಈ ಸೀಸನ್ನಿನ ಏಳು ಓಟಕ್ಕೂ ಅಷ್ಟೇ. ಇವತ್ತು ಬೆಳಗ್ಗೆ ಮಾತ್ರ ಸಾವಿರದ ನೂರ ಎಪ್ಪತ್ತು.”

“ಅಲ್ಲಿಗೆ ಆಯ್ತಲ್ಲ, ಅತ್ತೆ,” ಎಂದ ಅಣ್ಣ. “ನಾನು ಹೇಳಿದ್ದನ್ನೇ ನಿಮ್ಮ ತಕ್ಕಡೀನೂ ಹೇಳ್ತು.”

ಬೆಳಗ್ಗೆ ಎಂಟಕ್ಕೆ ಅವನ ತಂಗಿ ಪಾಪು ಕಾರ್ ರೇಸಿನ ಸೆಮಿಫೈನಲ್ ಗೆದ್ದಿದ್ದಳು. ಅವಳ ಜೀವಮಾನದಲ್ಲೇ ಅಷ್ಟು ವೇಗವಾಗಿ ಕಾರು ಓಡಿರಲಿಲ್ಲ. ಗೆರೆ ದಾಟುತ್ತಲೇ ಎಂಜಿನ್ನಿನ ಒಂದು ಪಿಸ್ಟನ್ ಕರಗಿ, ಕಾರು ಹೊಗೆ ಬಿಡುತ್ತಾ ನಿಂತಿತ್ತು. ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿತ್ತು.

ಈಗ ಎರಡು ಗಂಟೆ ಹತ್ತು ನಿಮಿಷ. ಫೈನಲ್ ನಾಲ್ಕಕ್ಕೆ. ಎಣ್ಣೆ ಚೆಲ್ಲಿದ ತಂಡ ಮೂರು ಗಂಟೆಯೊಳಗೆ ಒಂದು ಫಾರಂ ತುಂಬಿ ರೇಸ್ ಆಫೀಸಿಗೆ ಕೊಡಬೇಕು. ಏನು ತಪ್ಪಾಯಿತು, ಯಾರಿಂದಾಯಿತು ಎಂದು ಅದರಲ್ಲಿ ಬರೆಯಬೇಕು. ತಪ್ಪು ಯಾರದೋ ಅವರ ಪಾಸು ಅಲ್ಲಿಗೇ ರದ್ದು. ಆಮೇಲೆ ಯಾವ ರೇಸ್ ಮೈದಾನದ ಗೇಟೂ ಅವರಿಗೆ ತೆರೆಯುವುದಿಲ್ಲ.

ಅಣ್ಣನ ಮುಂದಿದ್ದ ಫಾರಮಿನಲ್ಲಿ ಒಂದು ಹೆಸರು ಆಗಲೇ ಬಿದ್ದಿತ್ತು. ಸಹಿ ಮಾತ್ರ ಬಾಕಿ.

ಹೆಸರು ಚಳಿಯಪ್ಪನದು.

ಅವನ ನಿಜವಾದ ಹೆಸರು ಆ ಫಾರಮಿಗೆ ಮಾತ್ರ ಬೇಕಾಗಿತ್ತು. ಇಪ್ಪತ್ತಾರು ವರ್ಷದಿಂದ ಈ ಮನೆಯವರ ಕಾರಿಗೆ ಬಾಟ್ಲಿ ನೋಡಿಕೊಳ್ಳುವವನು ಅವನೇ. ಬಾಟ್ಲಿ ಸ್ವಲ್ಪ ತಣ್ಣಗಾದರೂ ಸಾಕು, “ಅದಕ್ಕೆ ಚಳಿ ಆಗ್ತಿದೆ,” ಎಂದು ಕಂಬಳಿ ಹುಡುಕುತ್ತಾ ಓಡುತ್ತಿದ್ದ. ಹಾಗಾಗಿ ಚಳಿಯಪ್ಪ; ಈ ಮನೆಯ ಮಕ್ಕಳಿಗೆ ಚಿಕ್ಕಪ್ಪ.

ಬಾಟ್ಲಿಯಲ್ಲಿರುವುದು ನೈಟ್ರಸ್. ಹಲ್ಲಿನ ಡಾಕ್ಟರು ಮೂಸಿಸಿ ನಗಿಸುವ ಅನಿಲದ ಜಾತಿಯದೇ. ಎಂಜಿನ್ನಿಗೆ ಊದಿದರೆ ಎಂಜಿನ್ನೂ ಎಂಟು ಸೆಕೆಂಡು ಗಹಗಹಿಸುತ್ತದೆ. ಆ ನಗುವಿಗೆ ಅಳತೆ ಬೇಕು. ಬಾಟ್ಲಿ ತಣ್ಣಗಾದರೆ ಒಳಗಿನ ಒತ್ತಡ ಇಳಿದು ಕಾರು ಆಕಳಿಸುತ್ತದೆ. ಬಿಸಿ ಹೆಚ್ಚಾದರೆ ಒತ್ತಡ ಏರಿ, ಅನಿಲ ಮುಂದಾಗಿ ಪೆಟ್ರೋಲು ಹಿಂದಾಗಿ, ಪಿಸ್ಟನ್ನು ಬೆಣ್ಣೆಯಂತೆ ಕರಗುತ್ತದೆ. ಈ ಕಾರಿಗೆ ಹದ, ಚದರ ಇಂಚಿಗೆ ಒಂಬೈನೂರ ಐವತ್ತು ಪೌಂಡು ಒತ್ತಡ. ಬಾಟ್ಲಿಗೆ ಸುತ್ತಿದ ಕರೆಂಟಿನ ಹೊದಿಕೆಯನ್ನು ಹಾಕಿ, ಆರಿಸಿ, ಗೇಜಿನ ಮುಳ್ಳನ್ನು ಆ ಸಂಖ್ಯೆಯ ಮೇಲೆ ನಿಲ್ಲಿಸಿ, ಪುಸ್ತಕದಲ್ಲಿ ಬರೆಯುವುದು ಚಳಿಯಪ್ಪನ ಕೆಲಸ.

ಇವತ್ತಿನ ಪುಟದಲ್ಲೂ ಗುಂಡಗಿನ ಅಕ್ಷರದಲ್ಲಿ ಒಂಬೈನೂರ ಐವತ್ತು ಎಂದೇ ಇತ್ತು.

“ಪುಸ್ತಕದಲ್ಲಿ ಒಂದು ಬರೆದು, ಬಾಟ್ಲೀನ ಬೇರೆ ಮಟ್ಟಕ್ಕೆ ಕುದಿಸಿದ್ದಾರೆ,” ಎಂದ ಅಣ್ಣ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಪಾಪುವಿಗೆ ಅವನು ಅಣ್ಣ. ಅವಳು ಕರೆಯುವುದನ್ನು ಕೇಳಿ ಕೇಳಿ ಮೈದಾನಕ್ಕೆಲ್ಲ ಅಣ್ಣ. ತಂಡದ ಲೆಕ್ಕಾಚಾರವೆಲ್ಲ ಅವನ ಕಂಪ್ಯೂಟರಿನಲ್ಲಿ. “ಪಾಪು ಗೆಲ್ಲಲಿ ಅನ್ನೋ ಆಸೆಗೇ ಮಾಡಿರಬಹುದು. ಆದ್ರೆ ಆ ಪಿಸ್ಟನ್ ಒಡೆದು ಬಂದಿದ್ರೆ?”

“ಗೇಜು ತಪ್ಪು ತೋರಿಸಿದ್ರೆ?” ಎಂದರು ಅತ್ತೆ.

“ನಿನ್ನೆ ಸಂಜೆ ಅದನ್ನ ನೋಡಿ ಸರಿ ಇದೆ ಅಂದೋರು ಯಾರು? ನೀವೇ ಅಲ್ವಾ?”

ಅತ್ತೆ ತಲೆಯಾಡಿಸಿದರು. ಅದೂ ನಿಜವೇ. ಮೂವತ್ತೊಂದು ವರ್ಷ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ, ಅಂಗಡಿ ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತಿ ನಿವೃತ್ತರಾದವರು ಅಣ್ಣ, ಪಾಪುವಿನ ಈ ಸೋದರತ್ತೆ. ಅವರು ಸರಿ ಎಂದದ್ದನ್ನು ಅವರೇ ತಪ್ಪು ಎಂದ ಉದಾಹರಣೆ ಇರಲಿಲ್ಲ.

“ಇಪ್ಪತ್ತು ನಿಮಿಷ ಕೊಡು,” ಎಂದರು.

“ಹದಿನೈದು.”

“ತರಕಾರಿ ಚೌಕಾಸಿ ಅಲ್ಲ ಇದು. ಇಪ್ಪತ್ತು.”

ಕಾರಿನ ಕೆಳಗಿನಿಂದ ಒಂದು ನಗು ಬಂತು. ನಗುವವರ ಕಾಲು ಮಾತ್ರ ಕಾಣುತ್ತಿತ್ತು. ಒಂದು ಕಾಲಿನಲ್ಲಿ ಹಸಿರು ಸಾಕ್ಸು, ಇನ್ನೊಂದರಲ್ಲಿ ಕೆಂಪು. “ಕೊಟ್ಟುಬಿಡ್ರೀ. ನನಗೂ ಇನ್ನು ಅರ್ಧ ಗಂಟೆ ಕೆಲಸ ಇದೆ,” ಎಂದವು ಆ ಕಾಲುಗಳು.

ಅದು ಅತ್ತಿಗೆ. ಅಣ್ಣನ ಹೆಂಡತಿ, ತಂಡದ ಮೆಕ್ಯಾನಿಕ್. ಬೆಳಗ್ಗೆ ಒಂಬತ್ತಕ್ಕೆ ಎಂಜಿನ್ ಬಿಚ್ಚಿ, ಹೊಸ ಪಿಸ್ಟನ್ ಕೂರಿಸಿ, ಈಗ ಮುಚ್ಚುತ್ತಿದ್ದಳು.

ಅತ್ತೆ ಮಂಡಿಯ ಮೇಲೆ ಕೈಯೂರಿ ಬಗ್ಗಿದರು. “ಹಳೇ ಪ್ಲಗ್ಗು ಎಲ್ಲಿಟ್ಟೆ?”

“ತಿಂಡಿ ಡಬ್ಬೀಲಿ. ಬೇರೆ ಡಬ್ಬಿ ಸಿಗಲಿಲ್ಲ. ಯಾರಾದ್ರೂ ಬಾಯಿಗೆ ಹಾಕ್ಕೊಂಡ್ರೆ ನಾನು ಜವಾಬ್ದಾರಳಲ್ಲ.”

ಡಬ್ಬಿಯಲ್ಲಿ ಎಂಟು ಸ್ಪಾರ್ಕ್ ಪ್ಲಗ್ಗುಗಳು ಹತ್ತಿಯ ಮೇಲೆ ಮಲಗಿದ್ದವು. ಹದವಾಗಿ ಉರಿದ ಪ್ಲಗ್ಗು ಹುರಿದ ಗೋಧಿಯ ಬಣ್ಣಕ್ಕೆ ತಿರುಗಿರುತ್ತದೆ. ಇವು ಸುಣ್ಣದ ಹಾಗೆ ಬೆಳ್ಳಗಿದ್ದವು. ಒಂದರ ತುದಿಗೆ ಬೆಳ್ಳಿಯ ಸಾಸಿವೆಯಂಥ ಮೂರು ಹನಿ ಅಂಟಿತ್ತು: ಕರಗಿದ ಪಿಸ್ಟನ್ನಿನ ಕಣ್ಣೀರು.

“ಎಷ್ಟು ಪೌಂಡಿಗೆ ಹೀಗಾಗುತ್ತೆ?”

“ಸಾವಿರದ ಐವತ್ತು ದಾಟಿರಬೇಕು. ನೂರಕ್ಕಂತೂ ಕಡಿಮೆ ಏರಿಲ್ಲ,” ಎಂದಿತು ಕಾರಿನಡಿಯ ದನಿ. ಆಮೇಲೆ ಸ್ವಲ್ಪ ತಗ್ಗಿ, “ಅತ್ತೆ, ಚಿಕ್ಕಪ್ಪನ್ನ ಉಳಿಸಿಕೊಡಿ. ಇವರು ಸಹಿ ಹಾಕಿದ್ರೆ ಒಂದು ವಾರ ಊಟ ಬಿಡ್ತಾರೆ. ಆ ಮುಖ ನೋಡ್ಕೊಂಡು ನಾನು ಹೇಗೆ ತಿನ್ನಲಿ?”

ತೂಕವೂ ಬಿಸಿ ಎಂದಿತು, ಪ್ಲಗ್ಗೂ ಬಿಸಿ ಎಂದಿತು. ಎರಡು ಸಾಕ್ಷಿಯೂ ಚಳಿಯಪ್ಪನ ವಿರುದ್ಧ.

ಅತ್ತೆ ಟೆಂಟಿನ ಹಿಂಬದಿಗೆ ಬಂದರು. ಅಲ್ಲಿ ಟೈರುಗಳ ರಾಶಿಯ ಮೇಲೆ ಚಳಿಯಪ್ಪ ಕೂತಿದ್ದ; ತೊಡೆಯ ಮೇಲೆ ಮಡಚಿದ ಕಂಬಳಿ. ಪಕ್ಕದಲ್ಲಿ ಪಾಪು. ಇಪ್ಪತ್ತೊಂಬತ್ತು ವರ್ಷದವಳು, ಬೆಂಕಿ ತಾಗದ ದಪ್ಪ ಸೂಟನ್ನು ಸೊಂಟದವರೆಗೆ ಇಳಿಸಿಕೊಂಡು, ಅದರ ತೋಳುಗಳನ್ನು ಹೊಟ್ಟೆಗೆ ಗಂಟು ಹಾಕಿಕೊಂಡಿದ್ದಳು. ಗಂಟೆಗೆ ಇನ್ನೂರ ಎಂಬತ್ತು ಕಿಲೋಮೀಟರಿನಲ್ಲಿ ಹೋಗುವವಳನ್ನು ಇನ್ನೂ ಎಲ್ಲರೂ ಪಾಪು ಎಂದೇ ಕರೆಯುತ್ತಿದ್ದರು.

“ಅತ್ತೆ, ನಾನು ಅಣ್ಣನಿಗೆ ಹೇಳಿಬಿಟ್ಟಿದೀನಿ,” ಎಂದಳು ಪಾಪು. “ಚಿಕ್ಕಪ್ಪ ಬಾಟ್ಲಿ ಮುಟ್ಟದೇ ಇದ್ರೆ ನಾನು ಸೀಟು ಮುಟ್ಟಲ್ಲ. ಫೈನಲ್ಲಲ್ಲಿ ಎದುರಿನವನು ಒಬ್ಬನೇ ಓಡ್ಲಿ. ಒಬ್ಬನೇ ಓಡಿ ಎರಡನೇ ಸ್ಥಾನ ಬಂದ್ರೂ ಬಂದಾನು.”

“ಸುಮ್ನಿರಮ್ಮ,” ಎಂದ ಚಳಿಯಪ್ಪ. ಆದರೆ ಅವನ ಮೀಸೆಯ ತುದಿ ಅಲುಗಿತು.

“ಪಾಪು, ನೀನು ಹೋಗಿ ನೀರು ಕುಡಿ.”

“ಬಾಯಾರಿಲ್ಲ.”

“ಹಾಗಾದ್ರೆ ಬಾಯಾರೋವರೆಗೂ ಆ ಕಡೆ ಓಡಾಡು.”

ಪಾಪು ನಗುತ್ತಾ ಹೋದಳು. ಅತ್ತೆ ಟೈರಿನ ಮೇಲೆ ಕೂತರು. ಕೂತವರು ಏನೂ ಕೇಳಲಿಲ್ಲ. ಕೇಳುವುದಕ್ಕಿಂತ ಕಾಯುವುದರಲ್ಲಿ ಹೆಚ್ಚು ಸತ್ಯ ಸಿಗುತ್ತದೆ ಎಂಬುದು ಅವರ ಅನುಭವ. ದೂರದಲ್ಲಿ ಯಾವುದೋ ಕಾರು ಎಂಜಿನ್ ಎಬ್ಬಿಸಿತು, ಗುಡುಗಿತು, ಮಲಗಿತು.

“ನಾನು ಸುಳ್ಳು ಬರೆದಿಲ್ಲ, ಅಕ್ಕ,” ಎಂದ ಚಳಿಯಪ್ಪ ಕೊನೆಗೆ.

“ಹೂಂ.”

“ಮುಳ್ಳು ಒಂಬೈನೂರ ಐವತ್ತಲ್ಲೇ ಇತ್ತು. ದೇವರ ಮೇಲೆ ಆಣೆ ಇಟ್ಟು ಹೇಳ್ತೀನಿ.”

“ಹೂಂ.”

ಅವನು ಕಂಬಳಿಯ ಅಂಚನ್ನು ಸುರುಳಿ ಸುತ್ತಿ ಬಿಚ್ಚಿದ. “ಆದ್ರೆ ಒಂದು ತಪ್ಪು ಮಾಡಿದೀನಿ.”

ಅತ್ತೆ ತಿರುಗಲಿಲ್ಲ.

“ಮೊದಲೆಲ್ಲ ನಾನು ಕೈಯಲ್ಲೇ ನೋಡ್ತಿದ್ದೆ. ಅಂಗೈ ಮಗುಚಿ, ಹಿಂಗೈ ತಾಗಿಸಿ. ಮಕ್ಕಳ ಜ್ವರ ನೋಡೋ ಹಾಗೆ. ಹತ್ತು ಪೌಂಡು ಆಚೀಚೆ ಆದ್ರೂ ಗೊತ್ತಾಗ್ತಿತ್ತು. ಆಮೇಲೆ ಅಣ್ಣ ಬೇಡ ಅಂದ. ‘ಚಿಕ್ಕಪ್ಪ, ಕೈಯನ್ನ ಕಂಪ್ಯೂಟರಿಗೆ ಹಾಕೋಕಾಗಲ್ಲ, ನಂಬರ್ ಕೊಡಿ’ ಅಂದ. ಸರಿ, ಮುಳ್ಳು ನೋಡೋದು ಕಲಿತೆ.”

“ಇವತ್ತು?”

“ಇವತ್ತು ಕಾರಿಗೆ ಬಾಟ್ಲಿ ಕೂರಿಸುವಾಗ ಕೈ ತಾಗಿತು. ಸುಡ್ತಿತ್ತು ಅಂತಲ್ಲ. ಆದ್ರೆ ಮೈ ಬೆಚ್ಚಗಿರೋ ಮಗೂಗೂ ಜ್ವರ ಇರೋ ಮಗೂಗೂ ವ್ಯತ್ಯಾಸ ಇಲ್ವಾ? ಇದಕ್ಕೆ ಜ್ವರ ಅಂತ ಕೈ ಹೇಳ್ತು. ಮುಳ್ಳು ಇಲ್ಲ ಅಂತು. ನಾನು ಮುಳ್ಳಿನ ಮಾತು ಕೇಳಿದೆ.” ಅವನು ತನ್ನ ಬಲಗೈಯನ್ನು ಬೇರೆಯವರ ಕೈ ಎಂಬಂತೆ ನೋಡಿಕೊಂಡ. “ವಯಸ್ಸಾಯ್ತು, ಕೈ ಹೋಯ್ತು ಅಂದುಕೊಂಡೆ. ಹೇಳೋಕೆ ನಾಚಿಕೆ ಆಯ್ತು.”

ಅತ್ತೆಗೆ ಆಗ ಒಳಗೊಳಗೇ ಸಂತೋಷವಾಯಿತು. ಆ ಸಂತೋಷ ಎಷ್ಟಿತ್ತೆಂದರೆ ಅವರು ಚಳಿಯಪ್ಪನ ಬೆನ್ನಿಗೆ ಪಟ್ಟನೆ ಒಂದು ಏಟು ಹಾಕಿದರು.

“ಅಯ್ಯೋ, ಯಾಕಕ್ಕ?”

“ತೂಕ, ಪ್ಲಗ್ಗು, ನಿನ್ನ ಕೈ. ಮೂರೂ ಬಿಸಿ ಅಂತಿವೆ. ಮುಳ್ಳೊಂದೇ ಬೇರೆ ಮಾತಾಡ್ತಿದೆ. ಮೂರು ಜನ ಒಂದು ಹೇಳಿ ಒಬ್ಬ ಇನ್ನೊಂದು ಹೇಳಿದ್ರೆ, ಮೊದಲು ಆ ಒಬ್ಬನ ಜೇಬು ತಡವಬೇಕು ಕಣೋ. ಏಳು.”

ಅಣ್ಣ ಗೇಜನ್ನು ಬಾಟ್ಲಿಯಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದ. ಅಂಗೈಯಗಲದ ದುಂಡು ಗೇಜು, ಗಾಜಿನ ಮುಖ. ಮುಳ್ಳು ಸೊನ್ನೆಯ ಮೇಲೆ ಸಾಧುವಾಗಿ ಕೂತಿತ್ತು.

“ನೋಡಿ, ಸೊನ್ನೆ ಅಂದ್ರೆ ಸೊನ್ನೆ,” ಎಂದ ಅಣ್ಣ. “ಕೆಟ್ಟ ಗೇಜು ಸೊನ್ನೆಗೆ ಬರಲ್ಲ. ಇದನ್ನ ನಮಗೆ ಕಲಿಸಿದ್ದೂ ನೀವೇ.”

“ನಾನು ತುಂಬ ಕಲಿಸಿಬಿಟ್ಟಿದೀನಿ. ಅದೇ ತಪ್ಪಾಯ್ತು.”

ಅತ್ತೆ ಗೇಜನ್ನು ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಗಾಜನ್ನು ಮೆಲ್ಲಗೆ ತಟ್ಟಿದರು. ಟಕ್. ಕಣ್ಣು ಮುಚ್ಚಿ ಇನ್ನೊಮ್ಮೆ. ಟಕ್. ಹಿತ್ತಾಳೆ ಒಂದು ಬಗೆ ನುಡಿಯುತ್ತದೆ, ಉಕ್ಕು ಇನ್ನೊಂದು ಬಗೆ. ಬಿಡುವಾಗಿರುವುದು ಒಂದು ಬಗೆ, ಬಿಗಿದಿರುವುದು ಇನ್ನೊಂದು ಬಗೆ. ಇದು ಬಿಗಿದ ದನಿ.

“ಬಾ ಇಲ್ಲಿ. ನಾನು ತಟ್ಟುವಾಗ ಮುಳ್ಳಿನ ತುದಿ ನೋಡು.”

ಅಣ್ಣ ಬಗ್ಗಿದ. ಟಕ್.

“ಏನಾಯ್ತು?”

“ಏನೂ ಆಗ್ಲಿಲ್ಲ.”

“ಅದೇ ಆಗಿರೋದು. ಒತ್ತಡ ಇಲ್ಲದಾಗ ಮುಳ್ಳು ಬಿಡುವಾಗಿರಬೇಕು. ತಟ್ಟಿದ್ರೆ ಕೂದಲೆಳೆಯಷ್ಟಾದ್ರೂ ನಡುಗಬೇಕು. ಇದು ಕಲ್ಲಿನ ಹಾಗೆ ಕೂತಿದೆ. ಯಾಕೆ? ಸೊನ್ನೆ ಹತ್ರ ಆ ಪುಟ್ಟ ಕಡ್ಡಿ ಕಾಣ್ತಾ?”

“ಮುಳ್ಳು ಕೆಳಗೆ ಬೀಳದ ಹಾಗೆ ತಡೆಯೋದು.”

“ಮುಳ್ಳನ್ನ ಕಿತ್ತು, ನೂರು ಚಿಲ್ಲರೆ ಪೌಂಡು ಹಿಂದಕ್ಕೆ ತಿರುಗಿಸಿ ಕೂರಿಸಿದ್ರೆ ಅದು ಸೊನ್ನೆಗಿಂತ ಕೆಳಗೆ ಹೋಗೋಕೆ ನೋಡುತ್ತೆ. ಕಡ್ಡಿ ಬಿಡಲ್ಲ. ಹಾಗಾಗಿ ಅದಕ್ಕೆ ಒತ್ಕೊಂಡು, ನಾನು ಸೊನ್ನೇಲೇ ಇದೀನಿ ಸ್ವಾಮಿ ಅಂತ ನಾಟಕ ಆಡುತ್ತೆ.”

ಅತ್ತೆ ತಮ್ಮ ಮರದ ಪೆಟ್ಟಿಗೆಯಿಂದ ಅಸಲಿ ಗೇಜನ್ನು ತೆಗೆದರು. ಅದು ಬೇರೆ ಗೇಜುಗಳನ್ನು ಪರೀಕ್ಷಿಸಲೆಂದೇ ಇರುವ ಗೇಜು, ಮಖಮಲ್ಲಿನಲ್ಲಿ ಮಲಗುವಂಥದ್ದು. ಬಾಟ್ಲಿಗೆ ಎರಡು ಬಾಯಿಯ ಕೊಳವೆ ಸಿಕ್ಕಿಸಿ, ಎರಡೂ ಗೇಜನ್ನು ಒಟ್ಟಿಗೆ ಕೂರಿಸಿ, ಚಳಿಯಪ್ಪನಿಗೆ ಕಣ್ಣು ಸನ್ನೆ ಮಾಡಿದರು. ಅವನು ಬಾಟ್ಲಿಯ ತಿರುಗಣೆಯನ್ನು ಪೂರ್ತಿ ತೆರೆದ.

ಕಾರಿನ ಗೇಜು ಆರುನೂರ ತೊಂಬತ್ತು ಎಂದಿತು.

ಅಸಲಿ ಗೇಜು ಎಂಟುನೂರ ಇಪ್ಪತ್ತು ಎಂದಿತು.

“ನೂರ ಮೂವತ್ತು,” ಎಂದ ಅಣ್ಣ, ತನಗೇ ಹೇಳಿಕೊಳ್ಳುವಂತೆ. “ಅಂದ್ರೆ ಬೆಳಗ್ಗೆ ಸಾವಿರದ ಎಂಬತ್ತು ಇತ್ತು.”

“ಅದಕ್ಕೇ ಆ ವೇಗ. ಅದಕ್ಕೇ ಆ ಹೊಗೆ.”

“ಅದಕ್ಕೇ ನನ್ನ ಬೆನ್ನು ಸೀಟಿಗೆ ಅಂಟ್ಕೊಂಡಿತ್ತು,” ಎಂದಳು ಪಾಪು ಬಾಗಿಲಿನಿಂದ. ಅವಳಿಗೆ ಬಾಯಾರಿಕೆ ಆಗಿರಲಿಲ್ಲವೆಂದು ಕಾಣುತ್ತದೆ. “ನಾನೇನೋ ಚೆನ್ನಾಗಿ ಓಡಿಸಿದೆ ಅಂದುಕೊಂಡಿದ್ದೆ.”

“ಚೆನ್ನಾಗೇ ಓಡಿಸಿದೆ. ನಿಲ್ಲಿಸಿದ್ದು ಇನ್ನೂ ಚೆನ್ನಾಗಿತ್ತು,” ಎಂದಿತು ಕಾರಿನಡಿಯ ದನಿ.

ಅಣ್ಣ ಕುರ್ಚಿಯಿಂದ ಎದ್ದು ಚಳಿಯಪ್ಪನ ಮುಂದೆ ನಿಂತ. ಅವನ ಕೈಯ ಕಂಬಳಿಯನ್ನು ಇಸಿದುಕೊಂಡು, ಮತ್ತೆ ಅವನಿಗೇ ಕೊಟ್ಟ.

“ಚಿಕ್ಕಪ್ಪ, ನಾನು...”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆ, ಅಷ್ಟೇ,” ಎಂದರು ಅತ್ತೆ. “ಎಮ್ಮೆ ಬೇಜಾರು ಮಾಡ್ಕೊಂಡಿಲ್ಲ. ಏನೋ ಚಳಿಯಪ್ಪ?”

“ಬರೆ ಬೀಳೋಕೆ ಇನ್ನೂ ಸಹಿ ಆಗಿಲ್ವಲ್ಲಕ್ಕ.”

ಟೆಂಟಿನೊಳಗೆ ನಗು ಎದ್ದಿತು. ಬೆಳಗಿನಿಂದ ಬಾಯಿ ಬಿಗಿದುಕೊಂಡಿದ್ದವರು ಒಟ್ಟಿಗೆ ನಕ್ಕರೆ ಹೇಗಿರುತ್ತದೋ ಹಾಗೆ. ಕಾರಿನ ಕೆಳಗಿದ್ದ ಎರಡು ಬಣ್ಣದ ಕಾಲುಗಳೂ ಕುಣಿದವು. ಪಾಪು ಚಳಿಯಪ್ಪನ ಕೊರಳಿಗೆ ಜೋತುಬಿದ್ದಳು.

“ಈಗ ಇದರ ಹೊಟ್ಟೆ ನೋಡೋಣ,” ಎಂದು ಅತ್ತೆ ತಿರುಗಣೆ ಮುಚ್ಚಿ ಗೇಜನ್ನು ಬಿಚ್ಚಿಕೊಂಡು ಮೇಜಿನ ಮೇಲೆ ಇಟ್ಟರು. ಇಕ್ಕಳಕ್ಕೆ ಟೇಪು ಸುತ್ತಿ, ಗಾಜಿನ ಸುತ್ತಲಿನ ಉಂಗುರವನ್ನು ತಿರುಗಿಸಿದರು. ಅದು ತೀರ ಸಲೀಸಾಗಿ ಬಂತು. ಹೊಸದಾಗಿ ಯಾರೋ ಎಣ್ಣೆ ಹಾಕಿ ತಿರುಗಿಸಿದ ಉಂಗುರ.

ಗಾಜು ತೆಗೆದರು. ಮುಳ್ಳಿನ ನಡುವಿನ ಗುಬುಟಿನ ಮೇಲೆ, ಅಕ್ಕಿಕಾಳಿನಷ್ಟು ಒಂದು ಬಣ್ಣದ ಚುಕ್ಕೆ ಇತ್ತು.

ನೀಲಿ.

ಅತ್ತೆಯ ಹೆಬ್ಬೆರಳು, ಅವರನ್ನು ಕೇಳದೆಯೇ, ಆ ಚುಕ್ಕೆಯ ಮೇಲೆ ಕೂತಿತು.

ಈ ಟೆಂಟಿನಲ್ಲಿ ಒಂದು ಕಟ್ಟಳೆ ಇತ್ತು. ಯಾರು ಯಾವ ನಟ್ಟು ಬಿಗಿದರೂ, ಯಾವ ಭಾಗ ಕೂರಿಸಿದರೂ, ಅದರ ಮೇಲೆ ತಮ್ಮ ಬಣ್ಣದ ಒಂದು ಚುಕ್ಕೆ ಇಡಬೇಕು. ಕೆಲಸ ಕೆಟ್ಟರೆ ಯಾರನ್ನು ಕೇಳಬೇಕು, ಚೆನ್ನಾದರೆ ಯಾರನ್ನು ಹೊಗಳಬೇಕು ಎಂದು ತಿಳಿಯಲಿ ಎಂದು. ಅಣ್ಣನದು ಕೆಂಪು. ಅತ್ತಿಗೆಯದು ಹಸಿರು. ಚಳಿಯಪ್ಪನದು ಬಿಳಿ.

ನೀಲಿ, ಆ ಕಟ್ಟಳೆ ಮಾಡಿದವನದು. ಈ ಕಾರನ್ನು ಕಟ್ಟಿದವನದು. ಅಣ್ಣನಿಗೂ ಪಾಪುವಿಗೂ ತಂದೆ, ಅತ್ತೆಗೆ ಒಡಹುಟ್ಟಿದ ತಮ್ಮ, ಚಳಿಯಪ್ಪನಿಗೆ ಜೀವದ ಗೆಳೆಯ. ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ, ಒಂದು ಚೀಲ, ಎರಡು ಜೊತೆ ಬಟ್ಟೆ, ಆ ನೀಲಿ ಬಣ್ಣದ ಪುಟ್ಟ ಶೀಷೆ ತೆಗೆದುಕೊಂಡು ಹೊರಟವನು ಯಾಕೆ ಎಂದೂ ಹೇಳಲಿಲ್ಲ, ಎಲ್ಲಿಗೆ ಎಂದೂ ಹೇಳಲಿಲ್ಲ. ಅಂದಿನಿಂದ ಈ ಟೆಂಟಿನಲ್ಲಿ ನೀಲಿ ಚುಕ್ಕೆ ಬಿದ್ದಿರಲಿಲ್ಲ.

ಅತ್ತೆ ತಲೆಯೆತ್ತಿದರು. ಮೇಜಿನ ಆಚೆ ಚಳಿಯಪ್ಪ ನಿಂತಿದ್ದ. ಅವನ ಮುಖದ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೆ ಅದರೊಳಗಿನ ದೀಪ ಆರಿತ್ತು. ಅವನೂ ನೋಡಿದ್ದ.

“ಏನಿದೆ ಅತ್ತೆ? ಕೈ ತೆಗೀರಿ, ನೋಡೋಣ,” ಎಂದು ಅಣ್ಣ ಬಗ್ಗಿದ.

“ಅದನ್ನ ಬಿಚ್ಚಿದ್ದು ನಾನೇ,” ಎಂದ ಚಳಿಯಪ್ಪ.

ಪಾಪುವಿನ ಕೈ ಅವನ ಭುಜದಿಂದ ಜಾರಿತು.

“ಏನಂದ್ರಿ?”

“ನಾನೇ ಕಣಪ್ಪ. ಬೆಳಗ್ಗೆ. ನೀವೆಲ್ಲ ತಿಂಡಿಗೆ ಹೋದಾಗ. ಸ್ವಲ್ಪ ಒತ್ತಡ ಜಾಸ್ತಿ ಆದ್ರೆ ಪಾಪು ಗೆಲ್ತಾಳೆ ಅಂತ ಆಸೆ ಆಯ್ತು. ಬರಿ, ಫಾರಂ ಬರಿ. ಹೆಸರು ಹಾಕೇ ಇದೆಯಲ್ಲ.”

ಅಣ್ಣ ಪೆನ್ನನ್ನು ಎತ್ತಲಿಲ್ಲ. ಅದು ಅಲ್ಲೇ ಇತ್ತು, ಫಾರಮಿನ ಪಕ್ಕದಲ್ಲಿ, ಕ್ಯಾಪ್ ತೆಗೆದು. ಅವನು ಅತ್ತೆಯ ಮುಖ ನೋಡಿದ. ಪಾಪುವೂ ನೋಡಿದಳು. ಕಾರಿನ ಅಡಿಯಿಂದ ಅತ್ತಿಗೆ ಹಲಗೆ ಉರುಳಿಸಿಕೊಂಡು ಹೊರಬಂದು, ಮುಖವೆಲ್ಲ ಗ್ರೀಸು, ಮಲಗಿದಲ್ಲಿಂದಲೇ ನೋಡಿದಳು.

ಎರಡು ಗಂಟೆ ನಲವತ್ತಮೂರು.

ಹೆಬ್ಬೆರಳು ತೆಗೆದರೆ ಚಳಿಯಪ್ಪ ಉಳಿಯುತ್ತಾನೆ. ಆದರೆ ಅಪ್ಪನ ಬಣ್ಣವನ್ನು ಕಣ್ಣಲ್ಲಿ ತುಂಬಿಕೊಂಡು ಈ ಹುಡುಗಿ ಆ ಸೀಟಿನಲ್ಲಿ ಹೇಗೆ ಕೂರುತ್ತಾಳೆ? ತೆಗೆಯದಿದ್ದರೆ ಇಪ್ಪತ್ತಾರು ವರ್ಷದ ಬಾಳು ಒಂದು ಸಹಿಗೆ ಹೋಗುತ್ತದೆ. ಮೂವತ್ತೊಂದು ವರ್ಷದಲ್ಲಿ ಅತ್ತೆ ಯಾವ ತಪ್ಪನ್ನೂ ಬೆರಳಿಟ್ಟು ಮುಚ್ಚಿದವರಲ್ಲ.

“ಚಳಿಯಪ್ಪ,” ಎಂದರು ನಿಧಾನವಾಗಿ. “ಮುಳ್ಳನ್ನ ಹೇಗೆ ಹಿಂದಕ್ಕೆ ತಿರುಗಿಸಿದೆ?”

“ಹೇಗೆ ಅಂದ್ರೆ? ನಡುವೆ ತಿರುಪು ಇರುತ್ತಲ್ಲ. ಸಣ್ಣ ಸ್ಕ್ರೂಡ್ರೈವರ್ ಹಾಕಿ ಸಡಿಲ ಮಾಡಿದೆ. ತಿರುಗಿಸಿದೆ. ಮತ್ತೆ ಬಿಗಿದೆ.”

“ಎಡಕ್ಕೋ ಬಲಕ್ಕೋ?”

“ಬಲಕ್ಕೆ.” ಒಂದು ಗಳಿಗೆ ತಡೆದು, “ಇಲ್ಲ, ಎಡಕ್ಕೆ.”

ಅತ್ತೆ ಎಡಗೈಯಿಂದ ಪೆಟ್ಟಿಗೆಯೊಳಗೆ ತಡಕಿ, ಅದೇ ಜಾತಿಯ ಇನ್ನೊಂದು ಹಳೇ ಗೇಜನ್ನು ತೆಗೆದು ಅಣ್ಣನ ಕೈಗಿಟ್ಟರು. ಅದಕ್ಕೆ ಗಾಜೇ ಇರಲಿಲ್ಲ. “ಇದರಲ್ಲಿ ತಿರುಪು ಹುಡುಕು. ಸಿಕ್ಕಿದ್ರೆ ನನ್ನ ಪಿಂಚಣಿ ನಿನಗೆ.”

ಅಣ್ಣ ತಿರುಗಿಸಿ ನೋಡಿದ. ಉಗುರಿನಿಂದ ಗುಬುಟನ್ನು ಕೆರೆದ. “ತಿರುಪೇ ಇಲ್ಲ.”

“ಇರಲ್ಲ. ಈ ಜಾತಿ ಗೇಜಲ್ಲಿ ಮುಳ್ಳನ್ನ ಕಂಬಿ ಮೇಲೆ ಒತ್ತಿ ಕೂರಿಸಿರ್ತಾರೆ. ಕೀಳೋಕೆ ಬೇರೆ ಆಯುಧ ಬೇಕು. ಇವನು ಜನ್ಮದಲ್ಲಿ ಗೇಜು ಬಿಚ್ಚಿದವನಲ್ಲ.”

“ಮತ್ತೆ ಯಾಕೆ ಒಪ್ಕೊಂಡ್ರಿ, ಚಿಕ್ಕಪ್ಪ?” ಎಂದಳು ಪಾಪು.

ಚಳಿಯಪ್ಪ ಕಂಬಳಿಯ ಕಡೆ ನೋಡಿದ. ಅತ್ತೆಯೇ ಉತ್ತರ ಕೊಟ್ಟರು, ನೆಟ್ಟಗಿನ ದನಿಯಲ್ಲಿ: “ಯಾಕೆ ಅನ್ನೋದನ್ನ ಓಟ ಮುಗಿದ ಮೇಲೆ ನಾನು ಹೇಳ್ತೀನಿ. ನಾಲ್ಕು ಗಂಟೆಗೆ ಮುಂಚೆ ಯಾರೂ ಕೇಳಕೂಡದು. ಈಗ ಫಾರಮಿನಲ್ಲಿ ಬರಿ: ಗೇಜಿನ ಮುಳ್ಳು ತಪ್ಪಾಗಿ ಕೂತಿತ್ತು, ಪರೀಕ್ಷೆ ಮಾಡಿದ ಬೇರೆ ಗೇಜು ಹಾಕಿದೆ. ಇದು ಸತ್ಯ. ಕೆಳಗೆ ನಾನು ಸಹಿ ಮಾಡ್ತೀ‌ನಿ.”

“ಯಾರಿಂದ ಅಂತ ಕೇಳಿದೆ ಇಲ್ಲಿ.”

“ವಿಚಾರಣೆ ನಡೀತಿದೆ ಅಂತ ಬರಿ. ಅದೂ ಸತ್ಯ.”

ಅಣ್ಣ ಹಳೆಯ ಫಾರಂ ಅನ್ನು ನಾಲ್ಕು ತುಂಡು ಮಾಡಿದ. ಹರಿಯುವ ಸದ್ದು ಕೇಳಿ ಅತ್ತಿಗೆ ಮಲಗಿದಲ್ಲೇ ಚಪ್ಪಾಳೆ ತಟ್ಟಿದಳು. ಗ್ರೀಸು ಸಿಡಿದು ಪಾಪುವಿನ ಬಿಳಿ ಬೂಟಿನ ಮೇಲೆ ಬಿತ್ತು. “ದೃಷ್ಟಿ ಆಗದೇ ಇರ್ಲಿ ಬಿಡು,” ಎಂದಳು ಅತ್ತಿಗೆ.

“ಚಿಕ್ಕಪ್ಪ,” ಎಂದ ಅಣ್ಣ ಹೊಸ ಫಾರಂ ಎಳೆದುಕೊಳ್ಳುತ್ತಾ, ತಲೆ ಎತ್ತದೆ. “ಇವತ್ತು ಅಸಲಿ ಗೇಜು ನೋಡಿ. ಆಮೇಲೆ ಕೈ ಇಟ್ಟೂ ನೋಡಿ. ಎರಡೂ ಒಂದೇ ಹೇಳಿದ್ರೆ ಮಾತ್ರ ನಂಗೆ ನಂಬರ್ ಕೊಡಿ.”

ಚಳಿಯಪ್ಪ ಬಾಟ್ಲಿಯನ್ನು ಎದೆಗೆ ಎತ್ತಿಕೊಂಡು, ಕಂಬಳಿ ಹೊದಿಸಿ, ಹೊರಗೆ ನಡೆದ. ಪಾಪು ಅಸಲಿ ಗೇಜನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಹೋದಳು. “ಬಾಗಿಲು ಬಾಗಿಲು, ಕೂಸು ಬರ್ತಿದೆ, ದಾರಿ ಬಿಡಿ,” ಎಂದು ಅವಳು ಕೂಗುವುದು ಸಾಲು ಟೆಂಟುಗಳ ಉದ್ದಕ್ಕೂ ಕೇಳಿತು. ಯಾರೋ ನಕ್ಕರು, ಯಾರೋ ಸಿಳ್ಳೆ ಹಾಕಿದರು. ಅಣ್ಣ ಹೊಸ ಫಾರಂ ತುಂಬಿ, ಅತ್ತೆಯ ಸಹಿ ಹಾಕಿಸಿಕೊಂಡು, ಆಫೀಸಿಗೆ ಓಡಿದ. ಅತ್ತಿಗೆ ಮತ್ತೆ ಕಾರಿನ ಕೆಳಗೆ ಹೋದಳು.

ಅತ್ತೆ ಒಬ್ಬರೇ ಉಳಿದರು. ಆಗ ಮೆಲ್ಲಗೆ ಹೆಬ್ಬೆರಳನ್ನು ಎತ್ತಿದರು.

ಬೆರಳು ಸ್ವಲ್ಪ ಅಂಟಿ, ಆಮೇಲೆ ಬಿಟ್ಟಿತು. ಚುಕ್ಕೆಯ ಅರ್ಧ ಗೇಜಿನ ಮೇಲಿತ್ತು. ಇನ್ನರ್ಧ ಅವರ ಬೆರಳಿನ ಗೆರೆಗಳೊಳಗೆ ಇಳಿದಿತ್ತು.

ಆ ಎನಾಮಲ್ ಬಣ್ಣ ಆರಲು ಒಂದು ಹಗಲು ಬೇಕು. ಇದು ನಾಲ್ಕು ವರ್ಷದ ಹಿಂದಿನದಲ್ಲ. ನಿನ್ನೆಯದೂ ಅಲ್ಲ. ಇವತ್ತು ಬೆಳಗ್ಗೆ, ಎಲ್ಲರೂ ತಿಂಡಿಗೆ ಹೋದ ಹೊತ್ತಿನಲ್ಲಿ, ಈ ಮೇಜಿನ ಮುಂದೆ ನಿಂತು ಯಾರೋ ಇಟ್ಟ ಚುಕ್ಕೆ. ಮಗಳ ಕಾರಿನ ಗೇಜಿಗೆ ಸುಳ್ಳು ಕಲಿಸಿ, ಆ ಸುಳ್ಳಿನ ಮೇಲೆ ತನ್ನ ಬಣ್ಣವನ್ನೂ ಇಟ್ಟು ಹೋಗುವವನು ಎಂಥವನು? ಮುಚ್ಚಿಡಬೇಕೆಂದಿದ್ದರೆ ಚುಕ್ಕೆ ಇಡುತ್ತಿದ್ದನೇ?

ಅವರು ಬೆರಳನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಹಾಗೆಯೇ ಮಡಿಸಿಕೊಂಡು ಹೊರಗೆ ಬಂದರು.

ಬಿಸಿಲು ಹಿತವಾಗಿತ್ತು. ಟ್ರ್ಯಾಕಿನ ಬೇಲಿಯ ಪಕ್ಕದಲ್ಲಿ ಚಳಿಯಪ್ಪ ಬಾಟ್ಲಿಗೆ ಹೊದಿಕೆ ಸುತ್ತಿ, ಕರೆಂಟು ಹಾಕಿ, ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ಪಾಪು ಮುಳ್ಳು ಏರುವುದನ್ನು ಜೋರಾಗಿ ಎಣಿಸುತ್ತಿದ್ದಳು. ಎಂಟುನೂರ ಎಪ್ಪತ್ತು. ಎಂಟುನೂರ ಎಂಬತ್ತು. ಚಳಿಯಪ್ಪನ ಹಿಂಗೈ ಬಾಟ್ಲಿಯ ಮೈಗೆ ತಾಗಿತ್ತು, ಜ್ವರ ನೋಡುವ ಹಾಗೆ.

ಆದರೆ ಅವನ ಕಣ್ಣು ಬಾಟ್ಲಿಯ ಮೇಲೆ ಇರಲಿಲ್ಲ. ಮುಳ್ಳಿನ ಮೇಲೂ ಇರಲಿಲ್ಲ. ಟ್ರ್ಯಾಕಿನ ಆಚೆ ದಡದಲ್ಲಿ, ಸಾವಿರ ಜನ ಕೂತ ಮೆಟ್ಟಿಲುಗಳ ಒಂದೇ ಒಂದು ಜಾಗದಲ್ಲಿ ಅದು ನಿಂತಿತ್ತು. ಅತ್ತೆ ತುಂಬ ಹೊತ್ತು ಅವನನ್ನೇ ಗಮನಿಸಿದರು.

ಅವನು ಯಾರನ್ನೂ ಹುಡುಕುತ್ತಿರಲಿಲ್ಲ. ಯಾರನ್ನೋ ನೋಡುತ್ತಿದ್ದ.